ಹೂ ಕೇಳುವುದನ್ನು ಬಿಟ್ಟ ಮೇಲೆ

ದೇವರ ಹತ್ತಿರ ಹೂ ಕೇಳುವುದು ಅಂದರೆ ಏನು ಅಂತ ನಮ್ಮ ಕಡೆಯ ತೋಟದವರಿಗೆ ಹೇಳಬೇಕಿಲ್ಲ. ದೇವರ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಸಾಗರ ತಾಲ್ಲೂಕಿನಲ್ಲಿ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಕೊಳೆರೋಗಕ್ಕೆ ಔಷಧಿ ಹೊಡೆಯೋದಕ್ಕೆ, ಒಣಗಿಸಿದ ಚಾಲಿ ಅಡಿಕೆ ಮಂಡಿಗೆ ಹಾಕೋದಕ್ಕೆ, ಬೋರ್ ತೆಗೆಸೋದಕ್ಕೆ, ತಂಗಿಯ ಸಂಬಂಧಕ್ಕೆ, ಎಲ್ಲದಕ್ಕೂ ಊರಮ್ಮನ ಹತ್ತಿರ ಹೂ ಕೇಳಿದ ಮನೆ ಇದು. ಐದಾರು ವರ್ಷದಿಂದ ನಾನು ಕೇಳುವುದನ್ನು ಬಿಟ್ಟಿದ್ದೇನೆ. ಅಮ್ಮನನ್ನು ಬಿಟ್ಟಿಲ್ಲ. ಅವಳು ಜೊತೆಗಿದ್ದಾಳೆ ಅಂತಲೇ ದಿನ ಶುರು ಮಾಡುತ್ತೇನೆ. ಗುರುತು ತೋರಿಸು ಅನ್ನುವುದಿಲ್ಲ, ಅಷ್ಟೇ. "ಒಂದು ಮಳೆಗಾಲ ನೋಡೋಣ, ಆಮೇಲೆ ನೀನೇ ಬಂದು ಕೇಳ್ತೀಯ" ಅಂದಿದ್ದರು ನಮ್ಮ ಭಾವ. ಕೇಳಲಿಲ್ಲ.

ಬಿಡೋದಕ್ಕೆ ಕಾರಣ 2019. ಮೊದಲನೇ ಔಷಧಿ ಮಳೆ ಹಿಡಿಯುವ ಮುಂಚೆಯೇ ಆಗಿತ್ತು. ಎರಡನೇದು 40-45 ದಿನಕ್ಕೆ ಆಗಬೇಕು, ಅಲ್ವಾ? ಹೂ ಕೇಳಿದರೆ ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಮುಂದಿನ ವಾರವೂ ಹಾಗೇ. ಔಷಧಿಗೆ ಬೇಕಾದ ಮೈಲುತುತ್ತ, ಸುಣ್ಣ ಎರಡೂ ಜಗಲಿಯ ಮೇಲಿದ್ದವು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬಂದು ಕೂತು, ಚಾ ಕುಡಿದು ವಾಪಸ್ ಹೋದ. ಆಗಸ್ಟ್ ಮೊದಲ ವಾರ ಹಿಡಿದ ಮಳೆ ನಿಮಗೂ ನೆನಪಿರುತ್ತದೆ. ಮಳೆ ಬಿಟ್ಟ ಮೇಲೆ ತೋಟಕ್ಕಿಳಿದರೆ ಬುಡದ ತುಂಬ ಬಿಳಿ ಬೂಸ್ಟು ಹಿಡಿದ ಹಸಿರು ಕಾಯಿ. ಕಾಲಿಟ್ಟಲ್ಲಿ ಜಾರುತ್ತಿತ್ತು. ಒಂದೂವರೆ ಲಕ್ಷಕ್ಕೆ ಕಡಿಮೆ ಇಲ್ಲದಷ್ಟು ಹೋಯಿತು. ಇದಕ್ಕೆ ನಾನು ಅಮ್ಮನನ್ನು ದೂರಿಲ್ಲ. ಔಷಧಿ ಯಾವಾಗ ಹೊಡೆಯಬೇಕು ಅನ್ನುವ ತಿಳಿವಳಿಕೆಯನ್ನೂ ಅವಳೇ ಕೊಟ್ಟಿದ್ದಾಳೆ. ಹೂವು ಬೇರೆ ಯಾಕೆ ಬೇಕು ಅಂತ ಆಗಲೇ ಅನಿಸಿದ್ದು.

ಆದರೆ ಸುಮ್ನೆ ಬಿಡುತ್ತೇನೆ ಅಂದರೆ ಅದು ಬಿಡುವುದಿಲ್ಲ. ಹೂ ಕೇಳುವುದು ನಿಂತಿತು, ಹಲ್ಲಿ ಲೊಚಗುಟ್ಟಿದ್ದಕ್ಕೆ ಕಿವಿ ಕೊಡುವುದು ಶುರುವಾಯಿತು. ದೀಪ ಚಟ್ ಅಂದರೆ ಏನೋ ಹೇಳಿದಳು ಅನಿಸುತ್ತಿತ್ತು. ಪ್ರಶ್ನೆ ಹಾಕಿಸಿದರೆ ಮನಸ್ಸು ಹಗುರವಾದೀತು ಅಂತ ಪೇಟೆಯಲ್ಲಿ ಒಬ್ಬ ಜೋಯಿಸರ ಹತ್ತಿರ ಹೋದೆ. ದೋಷ ಇದೆ ಅಂದರು. ಹೋಮ, ದಕ್ಷಿಣೆ, ಓಡಾಟ ಸೇರಿ 14-15 ಸಾವಿರ. ಹಗುರವಾದದ್ದು ಕಿಸೆ ಮಾತ್ರ. ಆಮೇಲೆ ಒಂದು ಪುಸ್ತಕ ಇಟ್ಟೆ. ಅಮ್ಮ ಕೈಹಿಡಿದಳು ಅನಿಸಿದ್ದನ್ನೆಲ್ಲ ಬರೆಯೋದು. ಕೂಲಿಯವರು ಸಮಯಕ್ಕೆ ಬಂದರು, ಬರೆದೆ. ರಾಶಿ ಅಡಿಕೆಗೆ ಸಾವಿರ ಜಾಸ್ತಿ ಸಿಕ್ಕಿತು, ಬರೆದೆ. ಬೇಸಿಗೆ ಬರುವಷ್ಟರಲ್ಲಿ ಅದು ಕೈಗಡದ ಲೆಕ್ಕದ ಪುಸ್ತಕದ ಹಾಗೆ ಕಂಡಿತು. ಅವಳ ಕಡೆಯಿಂದ ಈ ತಿಂಗಳು ಎಷ್ಟು ಬಂತು ಅಂತ ನಾನು ನೋಡುತ್ತಾ ಕೂತಿದ್ದೆ. ಬಚ್ಚಲ ಒಲೆಗೆ ಹಾಕಿದೆ.

ಕೊನೆಗೆ ಕೈಹಿಡಿದದ್ದು ಸರಳ. ಕೇಳುವ ಹೊತ್ತಿನಲ್ಲಿ ಹೇಳುವುದು. ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ, ಮನೆಯ ದೊಡ್ಡವರಿಗೆ ಒಪ್ಪಿಸುವಂತೆ ಆವತ್ತಿನದನ್ನೆಲ್ಲ ಹೇಳುತ್ತೇನೆ. ಯಾರಿಗೆ ಎಷ್ಟು ಕೂಲಿ ಕೊಟ್ಟೆ, ಯಾರ ಮೇಲೆ ರೇಗಿದೆ, ನಾಳೆ ಏನು ಕೆಲಸ. "ಮಾಡಲಾ?" ಅಂತ ಇಲ್ಲ. "ಮಾಡುತ್ತೇನೆ, ಜೊತೆಗಿರು" ಅಷ್ಟೇ. ಬೆಳಿಗ್ಗೆ ಹೇಳಿದರೆ ಆಗುವುದಿಲ್ಲ, ನೋಡಿದ್ದೇನೆ. ಬೆಳಿಗ್ಗೆ ಬಾಯಿ ತೆರೆದರೆ ಬೇಡಿಕೆಯೇ ಬರುತ್ತದೆ. ಹೇಳುವಾಗ ನಡುವೆ ಪ್ರಶ್ನೆ ನುಗ್ಗಿದರೆ ಅದನ್ನು ತಿರುಗಿಸುವ ಒಂದು ಮಾತು ನನ್ನ ಹತ್ತಿರ ಇದೆ. ಅದು ನನ್ನ, ಅವಳ ನಡುವಿನದು. ಇಲ್ಲಿ ಬರೆಯುವುದಿಲ್ಲ. ನಿಮಗೆ ನಿಮ್ಮದು ಸಿಗುತ್ತದೆ.

ಪ್ರಶ್ನೆ, ಹರಕೆ, ಓಡಾಟಕ್ಕೆ ಹೋಗುತ್ತಿದ್ದ ದುಡ್ಡು ವರ್ಷಕ್ಕೆ 12 ಸಾವಿರದ ಹತ್ತಿರ ಇರಬಹುದು. ಅದನ್ನು ಒಂದು ಡಬ್ಬಿಗೆ ಹಾಕುತ್ತೇನೆ. ಕೆಲಸಕ್ಕೆ ಬರುವವರ ಮಗಳ ಕಾಲೇಜು ಬಸ್ ಪಾಸು, ಪುಸ್ತಕ ಅದರಲ್ಲೇ ನಡೆಯುತ್ತಿದೆ. ಸಿಗಂದೂರಿಗೆ ಹೋಗುವುದೂ ಬದಲಾಯಿತು. ಮುಂಚೆ ಲಾಂಚಿನ ಸಾಲಿನಲ್ಲಿ ನಿಂತು, ಏನು ಕೇಳಬೇಕು ಅಂತ ಮನಸ್ಸಿನಲ್ಲೇ ಪಟ್ಟಿ ಮಾಡಿಕೊಂಡು ಹೋಗುತ್ತಿದ್ದೆ. 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಶರಾವತಿ ಹಿನ್ನೀರು ದಾಟೋದು ಐದು ನಿಮಿಷದ ಮಾತು. ಹೋಗುತ್ತೇನೆ, ಚೌಡೇಶ್ವರಿಯ ಮುಖ ನೋಡುತ್ತೇನೆ, ಬರುತ್ತೇನೆ.

ನಿಜವಾದ ಪರೀಕ್ಷೆ ಹೋದ ಸುಗ್ಗಿಯಲ್ಲಿ. ನಮ್ಮ ಅಂಗಳದ ತಂತಿಬೇಲಿಗೆ ಸಿಗಂದೂರು ಅಮ್ಮನ ಕಾವಲಿದೆ ಅನ್ನುವ ಬೋರ್ಡು ಕಟ್ಟಿದೆ, ಎಲ್ಲರ ತೋಟದಲ್ಲೂ ಇರುವ ಹಾಗೆ. ಬೋರ್ಡಿನ ಪಕ್ಕದಿಂದಲೇ ಎರಡು ಚೀಲ ಚಾಲಿ ಕದ್ದುಕೊಂಡು ಹೋದರು. 45 ಸಾವಿರದ ಮಾಲು. ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ಕೇಳಿಯೇಬಿಟ್ಟ. "ಚಿಕ್ಕಪ್ಪ, ಕಾವಲು ಎಲ್ಲಿ ಹೋಯ್ತು?" ಭಾವ ಬಾಯಿಬಿಡಲಿಲ್ಲ, ಆದರೆ ಅದನ್ನೇ ಕೇಳುವ ಮುಖ ಇತ್ತು. ಮಧ್ಯಾಹ್ನ ಠಾಣೆಗೆ ಹೋಗಿ ದೂರು ಬರೆಸಿದೆ. ಬರುವಾಗ ಎರಡು ಒಳ್ಳೆ ಬೀಗ, ಒಂದು ಸೋಲಾರ್ ಲೈಟು ತಂದೆ. ಸಂಜೆ ದೀಪ ಹಚ್ಚಿ, ಚಾಲಿ ಹೋಯಿತು ಅಂತ ಹೇಳಿದೆ. ಹೊಟ್ಟೆ ಉರಿಯುತ್ತಿತ್ತು, ಅದನ್ನೂ ಹೇಳಿದೆ. ಯಾಕೆ ಅನ್ನುವ ಮಾತು ಬಾಯಿಗೆ ಬರಲಿಲ್ಲ. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. 2019ರಲ್ಲಿ ತಿಂಗಳುಗಟ್ಟಲೆ ನಿದ್ದೆ ಇರಲಿಲ್ಲ. ಮಾಲು ಇನ್ನೂ ಸಿಕ್ಕಿಲ್ಲ. ಬೋರ್ಡು ಅಲ್ಲೇ ಇದೆ.

ಇದನ್ನು ನೋಡಿದ ಮೇಲೆ ನಮ್ಮ ಕೇರಿಯಲ್ಲಿ ಇನ್ನೆರಡು ಮನೆಯವರು ಶುರು ಮಾಡಿದ್ದಾರೆ. ಔಷಧಿ ಈಗ ದಿನ ತಪ್ಪುವುದಿಲ್ಲ ಅಂತ ಭಾವನೇ ನಾಲ್ಕು ಜನರ ಮುಂದೆ ಹೇಳಿದರು.

ಮಾಡುವವರಿಗೆ ಒಂದು ಮಾತು. ಮನೆಯ ಹಿರಿಯರು ಹೂ ಕೇಳಿದರೆ ತಡೆಯಬೇಡಿ. ನಮ್ಮ ತಾಯಿ ಈಗಲೂ ಕೇಳುತ್ತಾರೆ, ನಾನೇ ಬೈಕಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಹೂ ಬೀಳುವುದು ತಡವಾದರೆ ಅವರ ಜೊತೆ ಕೂತು ಕಾಯುತ್ತೇನೆ.