ಆರೋಗ್ಯದ ಪಾಠ ಬೆಳಗಿನ ತಿಂಡಿಯಿಂದ ಶುರುವಾಗಲಿ

ಕಾಲೇಜಿನಲ್ಲಿ ಆರೋಗ್ಯದ ಕಾರ್ಯಕ್ರಮ ಅಂದರೆ ಒಬ್ಬ ಡಾಕ್ಟರನ್ನು ಕರೆಸಿ ಒಂದು ಗಂಟೆ ಭಾಷಣ ಮಾಡಿಸುವುದು ರೂಢಿ. ಚಿಕ್ಕಬಳ್ಳಾಪುರದ ಡಿಗ್ರಿ ಕಾಲೇಜೊಂದರಲ್ಲಿ ಪಾಠ ಮಾಡುವ ನಾನೂ ಮೊದಲು ಹಾಗೇ ಮಾಡಿದ್ದೆ. ಅದಾದ ವಾರದಲ್ಲೇ ನನ್ನ ಕ್ಲಾಸಿನಲ್ಲಿ ಒಬ್ಬಳು ತಲೆ ತಿರುಗಿ ಬಿದ್ದಳು. ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಆಮೇಲೆ ದಾರಿ ಬದಲಿಸಿದೆ. ಪಾಠ ಮಾಡುವ ನಿಮಗೂ ಅದನ್ನೇ ಹೇಳುತ್ತೇನೆ.

ಮೊದಲ ದಿನ ಏನೂ ಹೇಳಿಕೊಡಬೇಡಿ. ಎಲ್ಲರಿಗೂ ಒಂದೊಂದು ಚೀಟಿ ಕೊಡಿ, ಹೆಸರು ಬರೆಯಬೇಡಿ ಅನ್ನಿ. ನಿನ್ನೆ ಎಷ್ಟು ಗಂಟೆಗೆ ಎದ್ದಿರಿ, ಏನು ತಿಂದಿರಿ, ಎಷ್ಟು ಸಲ ನೀರು ಕುಡಿದಿರಿ, ಯಾವಾಗ ಮಲಗಿದಿರಿ, ಇಷ್ಟೇ ಕೇಳಿ. ಬಾಗೇಪಲ್ಲಿ, ಗುಡಿಬಂಡೆ ಕಡೆಯ ಹಳ್ಳಿಗಳಿಂದ ಬರುವ ಮಕ್ಕಳಲ್ಲಿ ಹಾಲು ಕರೆದು, ಹೂ ಬಿಡಿಸಿಕೊಟ್ಟು ಓಡೋಡಿ ಬಸ್ಸು ಹಿಡಿಯುವವರಿದ್ದಾರೆ. ನನಗೆ ಬಂದ ಒಂದು ಚೀಟಿಯಲ್ಲಿ ತಿಂಡಿ ಅನ್ನುವ ಕಡೆ 'ಟೀ' ಎಂದಿತ್ತು, ನೀರು ಅನ್ನುವ ಕಡೆ 'ಮನೆಗೆ ಹೋದ ಮೇಲೆ' ಎಂದಿತ್ತು. ಆ ಚೀಟಿಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ತಿಂಡಿಯ ವಿಷಯದಲ್ಲಿ ಬರೀ ಬುದ್ಧಿ ಹೇಳಿದರೆ ಸಾಲದು. ಮೊದಲ ಪೀರಿಯಡ್ ಮುಗಿದ ಮೇಲೆ ಡಬ್ಬಿ ತೆಗೆಯಲು 10 ನಿಮಿಷ ಕೊಡಿಸಿ. ಆಮೇಲೆ ಹತ್ತಿರದ ಆರೋಗ್ಯ ಕೇಂದ್ರದವರನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 100 ಮಿಲಿಲೀಟರ್ ರಕ್ತದಲ್ಲಿ ಹುಡುಗಿಯರಿಗೆ 12, ಹುಡುಗರಿಗೆ 13 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಯಾರ ನಂಬರನ್ನೂ ಕ್ಲಾಸಿನಲ್ಲಿ ಓದಬೇಡಿ, ಒಬ್ಬೊಬ್ಬರನ್ನೇ ಕರೆದು ಕೊಡಿ. ನಮ್ಮ ಕಡೆ ಮುದ್ದೆ ತಿಂದರೆ ರಕ್ತ ಬರುತ್ತೆ ಅನ್ನುತ್ತಾರೆ, ಅಲ್ವಾ? ರಾಗಿಯ ನಿಜವಾದ ಬಲ ಕ್ಯಾಲ್ಸಿಯಂ. ಕಬ್ಬಿಣದಂಶಕ್ಕೆ ಅದರ ಜೊತೆ ಸೊಪ್ಪಿನ ಸಾರು, ಹುರುಳಿ, ಮೇಲೆ ನಿಂಬೆರಸ ಬೇಕು. ಮಾಂಸ ತಿನ್ನುವವರಿಗೆ ಈಲಿ, ಅಂದರೆ ಲಿವರ್, ಬಹಳ ಒಳ್ಳೆಯದು. ಊಟದ ಜೊತೆಗೇ ಟೀ ಕುಡಿದರೆ ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ಗಂಟೆಯಾದರೂ ಬಿಡಲಿ. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರೆ ಮಲ ಕಪ್ಪಗಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿಬಿಡಿ. ಹೇಳದಿದ್ದರೆ ಎರಡೇ ದಿನಕ್ಕೆ ಮಾತ್ರೆ ಬಿಟ್ಟುಬಿಡುತ್ತಾರೆ.

ನೀರಿನ ಪಾಠಕ್ಕೂ ಮೊದಲು ಹುಡುಗಿಯರ ಶೌಚಾಲಯವನ್ನು ನೀವೇ ಹೋಗಿ ನೋಡಿ. ಚಿಲಕ ಇದೆಯಾ, ನಲ್ಲಿಯಲ್ಲಿ ನೀರು ಬರುತ್ತಾ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇದೆಯಾ? ಇದು ಸರಿ ಇಲ್ಲದ ಕಡೆ ಹುಡುಗಿಯರು ಬೇಕೆಂದೇ ನೀರು ಕುಡಿಯುವುದಿಲ್ಲ. ಬೆಳಗ್ಗೆ ತುಂಬಿಸಿ ತಂದ ಸ್ಟೀಲ್ ಬಾಟಲಿ ಸಂಜೆ ತುಂಬಿದ ಹಾಗೇ ವಾಪಸ್ ಹೋಗುತ್ತದೆ. ಕೊನೆಗೆ ಉರಿಮೂತ್ರ, ಸೋಂಕು. ನೀರು ಕುಡಿಯಿರಿ ಎಂದು ಅವರಿಗೆ ಹೇಳುವ ಮೊದಲು ಪ್ರಿನ್ಸಿಪಾಲರ ಹತ್ತಿರ ಮಾತಾಡಿ. ಸಾಕಷ್ಟು ಕುಡಿಯುತ್ತಿದ್ದೇವಾ ಅನ್ನುವುದಕ್ಕೆ ಮೂತ್ರದ ಬಣ್ಣವೇ ಗುರುತು: ತಿಳಿ ಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ಸಾಲದು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಅದು ಬೋರ್‌ವೆಲ್ ನೀರಿನ ಫ್ಲೋರೈಡ್. ಇದು ಜಾಸ್ತಿಯಾದರೆ ಹಲ್ಲು, ಮೂಳೆ ಹಾಳಾಗುತ್ತವೆ, ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಹೋಗುತ್ತೆ ಅಂದುಕೊಂಡವರು ಬಹಳ ಜನ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಜಾಸ್ತಿಯೇ ಆಗುತ್ತದೆ. ಮಕ್ಕಳಿಗೆ ಮನೆಯಿಂದ ಒಂದೊಂದು ಬಾಟಲಿ ನೀರು ತರಲು ಹೇಳಿ, ಸರ್ಕಾರದ ನೀರು ಪರೀಕ್ಷೆ ಲ್ಯಾಬಿಗೆ ಕಳಿಸಿ. ಹಲ್ಲಿನ ಮೇಲಿನ ಕಂದು ಗೆರೆ, ಅಜ್ಜಿಯ ಮಂಡಿನೋವು ಇವುಗಳ ಬಗ್ಗೆ ಮನೆಯಲ್ಲಿ ಕೇಳಿಕೊಂಡು ಬರಲಿ. ಎಷ್ಟೋ ಮನೆಗಳಲ್ಲಿ ಮಾತು ತೆಲುಗಿನಲ್ಲಿ ನಡೆಯುತ್ತದೆ, ಅದೇ ಭಾಷೆಯಲ್ಲಿ ಕೇಳಲಿ.

ನಿದ್ದೆಗೆ ಉದ್ದದ ಪಾಠ ಬೇಡ. ದಿನಕ್ಕೆ ಏಳು ಗಂಟೆಯಾದರೂ ಮಲಗಲಿ, ಫೋನು ಕೈಗೆ ಸಿಗದ ಕಡೆ ಇರಲಿ.

ಮನಸ್ಸಿನ ವಿಷಯಕ್ಕೆ ಮಾತ್ರ ಪೂರ್ತಿ ಒಂದು ಕ್ಲಾಸ್ ಇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ಬೋರ್ಡಿನ ಮೇಲೆ ಬರೆದು ಎಲ್ಲರ ಫೋನಿನಲ್ಲೂ ಅಲ್ಲೇ ಸೇವ್ ಮಾಡಿಸಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನಿಸುತ್ತಿದೆ ಎಂದು ಯಾರಾದರೂ ಹೇಳಿದರೆ ಸುಮ್ನೆ ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ, ಒಂಟಿಯಾಗಿ ಬಿಡಬೇಡಿ. ಕ್ಲಾಸ್ ಮುಗಿದ ಕೂಡಲೇ ಸ್ಟಾಫ್ ರೂಮಿಗೆ ಹೋಗದೆ ಹತ್ತು ನಿಮಿಷ ಬಾಗಿಲ ಹತ್ತಿರ ನಿಂತಿರಿ. ಎಲ್ಲರೂ ಹೋದ ಮೇಲೆ ಬ್ಯಾಗ್ ಜೋಡಿಸುತ್ತಾ ನಿಧಾನ ಮಾಡುವ ಒಬ್ಬರು ಇರುತ್ತಾರೆ.