ಇ-ಸೈಕಲ್ ಕಾನೂನಿನ ಕಣ್ಣಿಗೆ ಸೈಕಲ್ಲೋ, ಮೋಟಾರು ವಾಹನವೋ? ತಿಳಿಯುವುದು ಹೀಗೆ

ಎಲೆಕ್ಟ್ರಿಕ್ ಸೈಕಲ್ ಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೇಳುವುದು ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತದೆ ಎಂದು, ಆಮೇಲೆ ಎಷ್ಟು ವೇಗ ಎಂದು. ಅದಕ್ಕೆ ಪರವಾನಗಿ, ನೋಂದಣಿ, ವಿಮೆ ಬೇಕೇ ಎಂಬ ಪ್ರಶ್ನೆ ಏಳುವುದು ಪೊಲೀಸರು ತಡೆದಾಗ ಅಥವಾ ಅಪಘಾತವಾಗಿ ಪರಿಹಾರದ ಮಾತು ಬಂದಾಗ. ಪೆಡಲ್ ಇದೆ, ಆದ್ದರಿಂದ ಇದು ಸೈಕಲ್ಲೇ ಎಂದು ನಂಬಿ ಕೊಂಡವರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಈ ಲೇಖನ ಬರೆಯಲು ಅದೇ ಕಾರಣ. ಪೆಡಲ್ ಇದ್ದ ಮಾತ್ರಕ್ಕೆ ವಾಹನ ಸೈಕಲ್ ಆಗುವುದಿಲ್ಲ. ಮೋಟಾರ್ ಯಾವಾಗ ಓಡಲು ತೊಡಗುತ್ತದೆ, ಯಾವ ವೇಗಕ್ಕೆ ನೆರವು ನಿಲ್ಲಿಸುತ್ತದೆ, ನಿರಂತರವಾಗಿ ಎಷ್ಟು ಶಕ್ತಿ ಕೊಡುತ್ತದೆ ಎಂಬ ಮೂರು ಸಂಗತಿಗಳನ್ನೇ ಬಹುತೇಕ ಕಾನೂನುಗಳು ನೋಡುತ್ತವೆ. ನೀವೂ ಇದೇ ಕ್ರಮದಲ್ಲಿ ನೋಡಬೇಕು.

ಮೊದಲ ಹಂತ: ಮೋಟಾರನ್ನು ಓಡಿಸುವುದು ಕಾಲೋ, ಕೈಯೋ?

ಪೆಡಲ್ ತುಳಿದಾಗ ಮಾತ್ರ ನೆರವಾಗುವ ಮೋಟಾರ್ ಒಂದು ಬಗೆಯದು. ಹ್ಯಾಂಡಲ್‌ನಲ್ಲಿರುವ ಥ್ರಾಟಲ್ ತಿರುಗಿಸಿದರೆ ತುಳಿಯದೆಯೂ ಓಡುವುದು ಇನ್ನೊಂದು ಬಗೆಯದು. ಅಮೆರಿಕದ ಬಹಳಷ್ಟು ರಾಜ್ಯಗಳು ಅನುಸರಿಸುವ ಮೂರು ವರ್ಗಗಳ ಪದ್ಧತಿ ಈ ವ್ಯತ್ಯಾಸದ ಮೇಲೆಯೇ ನಿಂತಿದೆ. ತುಳಿದಾಗ ಮಾತ್ರ ನೆರವಾಗಿ, ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್ ವೇಗಕ್ಕೆ ನಿಲ್ಲುವುದು ಒಂದನೇ ವರ್ಗ. ಅಷ್ಟೇ ವೇಗದ ಮಿತಿಯೊಳಗೆ ಥ್ರಾಟಲ್‌ನಿಂದಲೂ ಓಡುವುದು ಎರಡನೇ ವರ್ಗ. ತುಳಿದಾಗ ಮಾತ್ರ ನೆರವಾದರೂ 28 ಮೈಲಿ, ಅಂದರೆ ಸುಮಾರು 45 ಕಿಲೋಮೀಟರ್ ವೇಗದವರೆಗೆ ಜೊತೆ ನೀಡುವುದು ಮೂರನೇ ವರ್ಗ. ಯುರೋಪ್ ಒಕ್ಕೂಟದಲ್ಲಿ ಸೈಕಲ್ ಎನಿಸಿಕೊಳ್ಳಬೇಕಾದರೆ ತುಳಿಯುವುದನ್ನು ನಿಲ್ಲಿಸಿದೊಡನೆ ಮೋಟಾರೂ ನಿಲ್ಲಬೇಕು. ತಳ್ಳಿಕೊಂಡು ನಡೆಯುವಾಗ ಗಂಟೆಗೆ 6 ಕಿಲೋಮೀಟರ್‌ವರೆಗೆ ಸಿಗುವ ನೆರವಿಗೆ ಮಾತ್ರ ವಿನಾಯಿತಿ ಇದೆ. ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳು ಬೇರೆ ದಾರಿ ಹಿಡಿದಿವೆ: ಥ್ರಾಟಲ್ ಇದ್ದರೂ ಅಡ್ಡಿಯಿಲ್ಲ, ಆದರೆ ವೇಗ 25 ಕಿಲೋಮೀಟರ್‌ಗಿಂತಲೂ ಮೋಟಾರ್ 30 ನಿಮಿಷ ನಿರಂತರವಾಗಿ ಕೊಡಬಲ್ಲ ಶಕ್ತಿ 0.25 ಕಿಲೋವಾಟ್‌ಗಿಂತಲೂ ಕಡಿಮೆ ಇರಬೇಕು ಮತ್ತು ಅದನ್ನು ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ದೃಢಪಡಿಸಿರಬೇಕು. ಒಂದೇ ವಾಹನ ಒಂದು ದೇಶದಲ್ಲಿ ಸೈಕಲ್, ಇನ್ನೊಂದರಲ್ಲಿ ಮೋಪೆಡ್ ಆಗುವುದು ಹೀಗೆ. ಹೊರದೇಶದಿಂದ ತರಿಸಿಕೊಂಡ ಸೈಕಲ್ಲಿನ ಮೇಲಿರುವ ವರ್ಗದ ಚೀಟಿಯನ್ನು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ.

ಎರಡನೇ ಹಂತ: ನೆರವು ನಿಲ್ಲುವ ವೇಗವನ್ನು ನೀವೇ ಅಳೆಯಿರಿ

ಕಾನೂನು ಮಿತಿ ಹಾಕುವುದು ಮೋಟಾರಿನ ನೆರವಿಗೆ, ನಿಮ್ಮ ಕಾಲಿನ ಬಲಕ್ಕಲ್ಲ. ಇಳಿಜಾರಿನಲ್ಲಿ ಸೈಕಲ್ 40 ಕಿಲೋಮೀಟರ್ ವೇಗದಲ್ಲಿ ಹೋದ ಮಾತ್ರಕ್ಕೆ ಅದರ ವರ್ಗ ಬದಲಾಗುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಮಿತಿ ಮೀರಿದ ಮೇಲೂ ಮೋಟಾರ್ ದೂಡುತ್ತಲೇ ಇದ್ದರೆ ಬದಲಾಗುತ್ತದೆ. ವಾಹನ ಸಂಚಾರವಿಲ್ಲದ ಸಮತಟ್ಟು ಜಾಗದಲ್ಲಿ ಗರಿಷ್ಠ ನೆರವಿಟ್ಟು ತುಳಿಯಿರಿ. ಪೆಡಲ್ ಇದ್ದಕ್ಕಿದ್ದಂತೆ ಭಾರವೆನಿಸುವ ಕ್ಷಣದ ವೇಗವೇ ನೆರವು ನಿಲ್ಲುವ ವೇಗ. ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರವನ್ನು ಗಾಳಿಯಲ್ಲಿ ತಿರುಗಿಸಿದರೆ ಇದು ಸರಿಯಾಗಿ ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ಸವಾರನ ಭಾರವಾಗಲಿ ಗಾಳಿಯ ತಡೆಯಾಗಲಿ ಇರುವುದಿಲ್ಲ.

ವೇಗವನ್ನು ಸೈಕಲ್ಲಿನ ಪರದೆಯಲ್ಲಿ ಓದದೆ ಮೊಬೈಲಿನ ಜಿಪಿಎಸ್‌ನಲ್ಲಿ ದಾಖಲಿಸಿಕೊಂಡು ನಿಂತ ಮೇಲೆ ನೋಡಿ. ಮೋಟಾರಿಗೆ ಹರಿಯುವ ವಿದ್ಯುತ್ತನ್ನು ನಿಯಂತ್ರಿಸುವ ಸಾಧನವಾದ ಕಂಟ್ರೋಲರ್ ನೇರವಾಗಿ ವೇಗವನ್ನು ಅಳೆಯುವುದಿಲ್ಲ. ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ, ತನ್ನಲ್ಲಿ ನಮೂದಾಗಿರುವ ಚಕ್ರದ ಅಳತೆಯಿಂದ ವೇಗವನ್ನು ಲೆಕ್ಕ ಹಾಕುತ್ತದೆ. 26 ಇಂಚಿನ ಚಕ್ರವಿರುವ ಸೈಕಲ್ಲಿನಲ್ಲಿ 20 ಇಂಚು ಎಂದು ನಮೂದಿಸಿದ್ದರೆ, ಪರದೆ 25 ಕಿಲೋಮೀಟರ್ ಎಂದು ತೋರಿಸುವಾಗ ನಿಜವಾದ ವೇಗ 32.5 ಕಿಲೋಮೀಟರ್ ಆಗಿರುತ್ತದೆ. ಹಳೆಯ ಸೈಕಲ್ ಕೊಳ್ಳುವವರು ಈ ಪರೀಕ್ಷೆಯನ್ನು ಬಿಡಲೇಬಾರದು, ಹಿಂದಿನ ಮಾಲೀಕರು ವೇಗಕ್ಕಾಗಿ ಈ ಅಂಕಿಯನ್ನು ಬದಲಿಸಿರುವ ಸಾಧ್ಯತೆ ಸದಾ ಇರುತ್ತದೆ. ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ಮಿತಿ ತೆರೆದುಕೊಳ್ಳುತ್ತದೆ ಎಂದು ಹೇಳಿ, ಖಾಸಗಿ ಜಾಗದಲ್ಲಿ ಮಾತ್ರ ಬಳಸಿ ಎಂಬ ಸಣ್ಣಕ್ಷರದ ಸೂಚನೆಯೊಂದಿಗೆ ಮಾರುವ ಸೈಕಲ್ಲುಗಳನ್ನು ಕೊಳ್ಳಲೇಬೇಡಿ. ರಸ್ತೆಯಲ್ಲಿ ಆ ಸೂಚನೆ ಮಾರಿದವರನ್ನು ಕಾಪಾಡೀತೇ ಹೊರತು ನಿಮ್ಮನ್ನಲ್ಲ. ಮಿತಿ ಮೀರಿಸುವ ಬಿಡಿ ಸಾಧನಗಳ ಮಾರಾಟವನ್ನು ಕ್ಯಾಲಿಫೋರ್ನಿಯಾ 2025ರಿಂದ ನಿಷೇಧಿಸಿದೆ.

ಮೂರನೇ ಹಂತ: ವಾಟ್ ಅಂಕಿಯನ್ನು ಸರಿಯಾಗಿ ಓದಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಯುರೋಪ್ ಒಕ್ಕೂಟ ಮತ್ತು ಬ್ರಿಟನ್ 250 ವಾಟ್ ಮಿತಿ ಎನ್ನುವುದು ನಿರಂತರ ಶಕ್ತಿಯನ್ನು ಕುರಿತು, ಅಂದರೆ ಮೋಟಾರ್ ಮಿತಿಮೀರಿ ಬಿಸಿಯಾಗದೆ ದೀರ್ಘ ಕಾಲ ಕೊಡಬಲ್ಲ ಶಕ್ತಿಯನ್ನು ಕುರಿತು. ಅದೇ ಮೋಟಾರ್ ಏರು ದಾರಿಯಲ್ಲಿ ಸ್ವಲ್ಪ ಹೊತ್ತು 500 ವಾಟ್ ಕೊಡಬಹುದು. ಅದು ಗರಿಷ್ಠ ಶಕ್ತಿ, ಅದರಿಂದ ನಿಯಮ ಮುರಿದಂತಾಗುವುದಿಲ್ಲ. ಜಾಹೀರಾತುಗಳು ದೊಡ್ಡದಾಗಿ ಕಾಣುವ ಗರಿಷ್ಠ ಅಂಕಿಯನ್ನೇ ಹೇಳುವುದರಿಂದ ಕೆಲವರು ಕಾನೂನುಬದ್ಧ ಸೈಕಲ್ಲಿಗೂ ಹೆದರುತ್ತಾರೆ. ಇದಕ್ಕಿಂತ ಅಪಾಯಕಾರಿ ತಪ್ಪು ಎಂದರೆ ಮೋಟಾರಿನ ಮೇಲೆ 250 ವಾಟ್ ಎಂದು ಅಚ್ಚಾಗಿರುವುದನ್ನು ಕಂಡು ನಿಶ್ಚಿಂತರಾಗುವುದು.

ಆ ಅಚ್ಚು ನಂಬಲರ್ಹವೇ ಎಂದು ಸರಳ ಗುಣಾಕಾರದಿಂದ ಅಂದಾಜು ಮಾಡಬಹುದು. ಬ್ಯಾಟರಿಯ ವೋಲ್ಟನ್ನು ಕಂಟ್ರೋಲರ್ ಮೇಲೆ ಬರೆದಿರುವ ಗರಿಷ್ಠ ಆಂಪಿಯರ್‌ನಿಂದ ಗುಣಿಸಿ. 36 ವೋಲ್ಟ್, 15 ಆಂಪಿಯರ್ ಇದ್ದರೆ ಬ್ಯಾಟರಿ ಹೆಚ್ಚೆಂದರೆ 540 ವಾಟ್ ಕೊಡುತ್ತದೆ. ಅದರಲ್ಲಿ ಒಂದಷ್ಟು ಶಾಖವಾಗಿ ಹೋಗಿ, ಚಕ್ರಕ್ಕೆ ತಲುಪುವುದು ಸುಮಾರು 430 ವಾಟ್. 250 ವಾಟ್ ನಿರಂತರ ಶಕ್ತಿಯ ಮೋಟಾರಿಗೆ ಇದು ಸಹಜವಾದ ಗರಿಷ್ಠ ಮಟ್ಟ. ಅದೇ 250 ವಾಟ್ ಅಚ್ಚಿನ ಮೋಟಾರಿಗೆ 48 ವೋಲ್ಟ್ ಬ್ಯಾಟರಿ, 25 ಆಂಪಿಯರ್ ಕಂಟ್ರೋಲರ್ ಜೋಡಿಸಿದ್ದರೆ ಗುಣಲಬ್ಧ 1200 ವಾಟ್ ಆಗುತ್ತದೆ, ಆಗ ಅಚ್ಚನ್ನು ಅನುಮಾನಿಸಲೇಬೇಕು. ಈ ಗುಣಾಕಾರದಿಂದ ನಿರಂತರ ಶಕ್ತಿ ಸಾಬೀತಾಗುವುದಿಲ್ಲ, ಅದನ್ನು ಪ್ರಯೋಗಾಲಯವೇ ಅಳೆಯಬೇಕು. ಆದರೆ ಪರೀಕ್ಷಾ ಪ್ರಮಾಣಪತ್ರ ತೋರಿಸಿ ಎಂದು ಒತ್ತಾಯಿಸಲು ಇಷ್ಟು ಅನುಮಾನ ಸಾಕು.

ಅಮೆರಿಕದ 2002ರ ಫೆಡರಲ್ ಕಾನೂನು 750 ವಾಟ್‌ಗಿಂತ ಕಡಿಮೆ ಶಕ್ತಿ ಎನ್ನುತ್ತದೆ. ಜಪಾನ್ ಸವಾರನ ಬಲಕ್ಕೂ ಮೋಟಾರಿನ ನೆರವಿಗೂ ಇರುವ ಅನುಪಾತವನ್ನು ನೋಡುತ್ತದೆ: ಗಂಟೆಗೆ 10 ಕಿಲೋಮೀಟರ್ ವೇಗದವರೆಗೆ ತುಳಿತದ ಎರಡರಷ್ಟು ನೆರವು ಸಿಗಬಹುದು, ಅಲ್ಲಿಂದ ಕ್ರಮೇಣ ಕುಗ್ಗಿ 24 ಕಿಲೋಮೀಟರ್‌ಗೆ ಸೊನ್ನೆಯಾಗಬೇಕು. ನನ್ನ ಮಟ್ಟಿಗೆ ಮೂರರಲ್ಲಿ ಹೆಚ್ಚು ಅರ್ಥಪೂರ್ಣವಾದ ನಿಯಮ ಇದೇ.

ನಾಲ್ಕನೇ ಹಂತ: ವರ್ಗದೊಂದಿಗೆ ಬರುವ ಕರ್ತವ್ಯಗಳನ್ನು ತಿಳಿಯಿರಿ

ಬ್ರಿಟನ್‌ನಲ್ಲಿ ನಿಯಮಬದ್ಧ ಇ-ಸೈಕಲ್ಲಿಗೆ ಪರವಾನಗಿ, ನೋಂದಣಿ, ವಿಮೆ ಬೇಡ, ಆದರೆ ಸವಾರನಿಗೆ 14 ವರ್ಷ ತುಂಬಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಮೂರನೇ ವರ್ಗದ ಸವಾರನಿಗೆ 16 ವರ್ಷವಾಗಿರಬೇಕು ಮತ್ತು ವಯಸ್ಸು ಎಷ್ಟೇ ಇರಲಿ ಹೆಲ್ಮೆಟ್ ಕಡ್ಡಾಯ. 45 ಕಿಲೋಮೀಟರ್ ವೇಗದವರೆಗೆ ನೆರವಾಗುವ ಸೈಕಲ್ ಜರ್ಮನಿಯಲ್ಲಿ ಮೋಪೆಡ್ ಸಾಲಿಗೆ ಸೇರುತ್ತದೆ. ಅದಕ್ಕೆ ಪರವಾನಗಿ, ವಿಮೆಯ ಫಲಕ ಮತ್ತು ಹೆಲ್ಮೆಟ್ ಬೇಕು. ಈ ಬಿಗಿ ಅನಗತ್ಯ ಎನ್ನುವವರು ಒಂದು ಲೆಕ್ಕ ಗಮನಿಸಬೇಕು: ಚಲನಶಕ್ತಿ ವೇಗವನ್ನು ವೇಗದಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ ಅನುಗುಣವಾಗಿ ಏರುವುದರಿಂದ, 25ರ ಬದಲು 45 ಕಿಲೋಮೀಟರ್ ವೇಗದಲ್ಲಿ ಬರುವ ಅದೇ ಸೈಕಲ್ಲನ್ನು ನಿಲ್ಲಿಸಲು ಬ್ರೇಕು ಮೂರು ಪಟ್ಟಿಗಿಂತ ಹೆಚ್ಚು ಶಕ್ತಿಯನ್ನು ಹೀರಿಕೊಳ್ಳಬೇಕಾಗುತ್ತದೆ. ಸಾಮಾನ್ಯ ಸೈಕಲ್ಲಿಗೆ ಮೋಟಾರ್ ಕಿಟ್ ಜೋಡಿಸುವವರು ಹಳೆಯ ಬ್ರೇಕನ್ನೇ ಉಳಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಡಿಸ್ಕ್ ಬ್ರೇಕ್ ಹಾಕಿಸಿ. ಬ್ರೇಕ್ ಹಿಡಿದೊಡನೆ ಮೋಟಾರ್ ನಿಲ್ಲಿಸುವ ಸ್ವಿಚ್ ಇದೆಯೇ ಎಂದೂ ನೋಡಿ.

ಐದನೇ ಹಂತ: ಬ್ಯಾಟರಿಯ ಪ್ರಮಾಣೀಕರಣ

2023ರಲ್ಲಿ ನ್ಯೂಯಾರ್ಕ್ ನಗರ, ಸುರಕ್ಷತಾ ಪರೀಕ್ಷಾ ಸಂಸ್ಥೆಯಾದ ಯುಎಲ್‌ನ 2849 ಸಂಖ್ಯೆಯ ಮಾನದಂಡಕ್ಕೆ ಪ್ರಮಾಣೀಕರಣವಿಲ್ಲದ ಇ-ಸೈಕಲ್ಲುಗಳ ಮಾರಾಟವನ್ನು ನಿಷೇಧಿಸಿತು. ಲೀಥಿಯಂ-ಅಯಾನ್ ಬ್ಯಾಟರಿಗಳಿಂದ ಹತ್ತಿದ ಬೆಂಕಿಗಳು ಅದಕ್ಕೆ ಕಾರಣ. ಆ ಮಾನದಂಡ ಮೋಟಾರ್, ಬ್ಯಾಟರಿ, ಚಾರ್ಜರ್ ಒಳಗೊಂಡ ಇಡೀ ವಿದ್ಯುತ್ ವ್ಯವಸ್ಥೆಯನ್ನು ಒಟ್ಟಾಗಿ ಪರೀಕ್ಷಿಸುತ್ತದೆ. ತಯಾರಕರು ಹೇಳಿದ ಚಾರ್ಜರ್ ಬಿಟ್ಟು ಬೇರೆಯದನ್ನು, ಅದರ ಪಿನ್ ಕೂಡಿಕೊಂಡರೂ, ಬಳಸಬೇಡಿ. ವೋಲ್ಟ್ ಹೆಚ್ಚಾದರೆ ಸೆಲ್‌ಗಳು ಮಿತಿಮೀರಿ ಚಾರ್ಜ್ ಆಗಿ ಬೆಂಕಿ ಹತ್ತಬಹುದು. ಬಳಸಿದ ಸೆಲ್‌ಗಳನ್ನು ಕೂಡಿಸಿ ಮರುಜೋಡಿಸಿದ ಅಗ್ಗದ ಬ್ಯಾಟರಿ ಬೇಡವೇ ಬೇಡ. ಮನೆಯಿಂದ ಹೊರಹೋಗುವ ಬಾಗಿಲ ದಾರಿಯಲ್ಲಿ ಇಟ್ಟು ಚಾರ್ಜ್ ಮಾಡಬಾರದು, ಎಲ್ಲರೂ ಮಲಗಿರುವಾಗಲೂ ಮಾಡಬಾರದು. ಬಿದ್ದು ಜಜ್ಜಿಹೋದ ಅಥವಾ ಉಬ್ಬಿದ ಬ್ಯಾಟರಿಯನ್ನು ಮತ್ತೊಮ್ಮೆಯೂ ಚಾರ್ಜಿಗೆ ಹಾಕದೆ, ಮನೆಯ ಕಸದೊಂದಿಗೆ ಸೇರಿಸದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.