ಒಂದೇ ‘ವ’, ತುಟಿಗೆ ಎರಡು ಕೆಲಸ

ಮುಂಬಯಿಯ ‘ವೈನ್ ಶಾಪ್’ ಬೋರ್ಡನ್ನು ನಾವು ವಾಶಿಯ ‘ವ’ದಲ್ಲೇ ಓದಿಬಿಡುತ್ತೇವೆ. ಇಂಗ್ಲಿಷ್ ಕಿವಿಗೆ ಅದು ಮದ್ಯವೋ (wine) ದ್ರಾಕ್ಷಿಬಳ್ಳಿಯೋ (vine) ಗೊತ್ತಾಗದು. ಮದ್ಯಕ್ಕೆ ಸೀಟಿ ಹೊಡೆಯುವಂತೆ ತುಟಿ ದುಂಡಗೆ ಮಾಡಿ, ಹಲ್ಲು ತಾಗಿಸದೆ ‘ಉಆಯ್ನ್’ ಎನ್ನಿ. ಬಳ್ಳಿಗೆ ಮೇಲಿನ ಹಲ್ಲನ್ನು ಕೆಳತುಟಿಗೆ ಒತ್ತಿ, ದನಿ ಸೇರಿಸಿ ಗಾಳಿ ಬಿಡಿ, ತುಟಿ ಜುಮ್ಮೆನ್ನಬೇಕು. ಇಲ್ಲದಿದ್ದರೆ ಅದು ನಮ್ಮ ‘ವ’ವೇ: ಹಲ್ಲು ಹತ್ತಿರ ಬಂದರೂ ಗಾಳಿ ಉಜ್ಜುವುದಿಲ್ಲ.

‘ಪೆನ್’ ಇನ್ನೊಂದು ಎಡವಟ್ಟು. ಬಾಯೆದುರು ಲೋಕಲ್ ಟ್ರೈನಿನ ಟಿಕೆಟ್ ಹಿಡಿದು ಹೇಳಿ, ಚೀಟಿ ಅಲುಗಬೇಕು. ಅಲುಗದಿದ್ದರೆ ‘ಬೆನ್’ ಎಂದು ಕೇಳಿಸೀತು. ‘ಸ್ಪೂನ್’ಗೆ ಮಾತ್ರ ನಮ್ಮ ‘ಪ’ವೇ ಸರಿ.

ಸ್ಕಾಟ್‌ಲೆಂಡಿನ ಗೇಲಿಕ್ ಭಾಷೆಯಲ್ಲಿ ಎಮ್ ಆದಮೇಲೆ ಎಚ್ ಬಂದರೆ ತುಟಿ ಮುಚ್ಚುವುದೇ ಇಲ್ಲ: ‘ಮಾರಿ’ಯನ್ನು ಕರೆಯುವಾಗ ‘ವಾರಿ’. ಊರಮ್ಮನಲ್ಲ, ಅವರ ಮೇರಿ!